ಸಂಗಾತಿ, ಪಾಲುದಾರ, ಏಳನೆಯ ಮನೆ: ನಾನು ಜಾತಕ ನೋಡುವ ಬಗೆ

ಜಾತಕದ ಸಪ್ತಮ ಭಾವ, ಅಂದರೆ ಏಳನೆಯ ಮನೆ, ಮದುವೆಯದ್ದು ಅಂತಲೇ ಹೆಚ್ಚಿನವರ ಲೆಕ್ಕ. ಶಾಸ್ತ್ರದಲ್ಲಿ ವ್ಯಾಪಾರದ ಪಾಲುದಾರನನ್ನು ನೋಡುವುದೂ ಅಲ್ಲೇ. ಅದಕ್ಕೇ ನಾನು ಎರಡನ್ನೂ ಒಂದೇ ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ಬರೆದುಕೊಳ್ಳುತ್ತೇನೆ. ಮುಂದೆ ಏನಾಗುತ್ತದೆ ಎಂದು ತಿಳಿಯಲಿಕ್ಕಲ್ಲ, ನನ್ನನ್ನು ನಾನು ಏನು ಕೇಳಿಕೊಳ್ಳಬೇಕು ಎಂದು ತಿಳಿಯಲಿಕ್ಕೆ.

ಎಡವಟ್ಟು ಆಗುವುದು ಹುಟ್ಟಿದ ಹೊತ್ತಿನಲ್ಲೇ. ಪಂಚಾಂಗದ ದಿನ ಸೂರ್ಯೋದಯದಿಂದ ಶುರು. ಮಂಗಳವಾರ ಬೆಳಗಿನ ಜಾವ 3ಕ್ಕೆ ಹುಟ್ಟಿದವರು ಹಳೆಯ ಜಾತಕದಲ್ಲಿ ಸೋಮವಾರದವರು. ಆಸ್ಪತ್ರೆಯ ಚೀಟಿಯಲ್ಲಿ ಮಂಗಳವಾರ ಅಂತಲೇ ಇರುತ್ತದೆ. ಇನ್ನು, ಹಳಬರು ಬರೆದಿಟ್ಟದ್ದು ಉದಯದಿಂದ ಇಷ್ಟು ಘಳಿಗೆ ಅಂತ. ಒಂದು ಘಳಿಗೆಗೆ 24 ನಿಮಿಷ. ತೀರ್ಥಹಳ್ಳಿ, ಆಗುಂಬೆ ಕಡೆ ಗುಡ್ಡದ ಮರೆ ದಾಟಿ ಅಂಗಳಕ್ಕೆ ಬಿಸಿಲು ಬೀಳುವುದೇ ತಡ. ಆ ಬಿಸಿಲು ನೋಡಿ ಎಣಿಸಿದ್ದಾದರೆ ಲಗ್ನ, ಎಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯ ಬಿಂದು, ಹಿಂದೆ ಜಾರಿರುತ್ತದೆ. ಲಗ್ನ ಒಂದು ಡಿಗ್ರಿ ಸರಿಯಲು ಸುಮಾರು 4 ನಿಮಿಷ ಸಾಕು, ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶದ ಲಗ್ನ ಸುಮಾರು 13 ನಿಮಿಷಕ್ಕೆ ಬದಲಾಗುತ್ತದೆ. ಹೊತ್ತು ಕಾಲು ಗಂಟೆ ಆಚೀಚೆ ಇರಬಹುದು ಅನ್ನಿಸಿದರೆ ನವಾಂಶ ಕುಂಡಲಿಯನ್ನು ನಾನು ಬದಿಗಿಟ್ಟುಬಿಡುತ್ತೇನೆ.

ಆ್ಯಪ್‌ನಲ್ಲಿ ಊರು ಬೆಂಗಳೂರು ಅಂತಲೇ ಬಿಟ್ಟಿದ್ದರೆ ಶಿವಮೊಗ್ಗದಲ್ಲಿ ಹುಟ್ಟಿದವರ ಲಗ್ನ ಸುಮಾರು 2 ಡಿಗ್ರಿ ತಪ್ಪುತ್ತದೆ. ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕು ಎಂದು ಹೇಳುವ ತಿದ್ದುಪಡಿ, ಅಯನಾಂಶ, ಅದೂ ಇಬ್ಬರ ಜಾತಕಕ್ಕೂ ಒಂದೇ ಇರಬೇಕು. ಎರಡು ಬಗೆಯ ಅಯನಾಂಶಗಳಾದ ಲಾಹಿರಿಗೂ ರಾಮನ್‌ಗೂ ಒಂದೂವರೆ ಡಿಗ್ರಿಯಷ್ಟು ಅಂತರ. ಭರಣಿ ನಕ್ಷತ್ರದಲ್ಲಿ ಹುಟ್ಟಿದವರಿಗೆ ಮೊದಲು ಬರುವ ಶುಕ್ರ ದಶೆಯ (ಶುಕ್ರನ ಪಾಲಿನ ಕಾಲದ) 20 ವರ್ಷದಲ್ಲಿ ಇದರಿಂದ 2 ವರ್ಷದಷ್ಟು ಏರುಪೇರು, ಮುಂದಿನ ದಶೆಗಳೆಲ್ಲ ಅಷ್ಟೇ ಸರಿಯುತ್ತವೆ.

ಇದೆಲ್ಲ ಸರಿಹೋದ ಮೇಲೂ ದಶೆ ಮತ್ತು ಅದರೊಳಗಿನ ಕಿರುಕಾಲಗಳಾದ ಭುಕ್ತಿಗಳ ಪಟ್ಟಿ ತೆಗೆಯುವುದಿಲ್ಲ. ಮೊದಲು ಕಳೆದ 10 ವರ್ಷದ ಸಂಗತಿ ತಾರೀಖು ಸಮೇತ ಬರೆಯಬೇಕು: ಕೆಲಸ ಸೇರಿದ್ದು, ಬಿಟ್ಟಿದ್ದು, ಪ್ರೀತಿ ಶುರುವಾದದ್ದು, ಮಾತು ಬಿಟ್ಟದ್ದು, ಸಾಲ ಕೊಟ್ಟದ್ದು. ಪಟ್ಟಿ ಮೊದಲು ನೋಡಿದರೆ ನೆನಪು ಅದಕ್ಕೆ ತಕ್ಕಂತೆ ಬಾಗುತ್ತದೆ, ರಾಹು ಭುಕ್ತಿಯಲ್ಲಿ ಕೆಟ್ಟದ್ದಷ್ಟೇ ನೆನಪಾಗುತ್ತದೆ. ಶನಿ ಜನ್ಮರಾಶಿಯನ್ನೂ ಅದರ ಹಿಂದುಮುಂದಿನ ರಾಶಿಗಳನ್ನೂ ದಾಟುವ ಏಳೂವರೆ ವರ್ಷ, ಸಾಡೇಸಾತಿ, ಅದರದ್ದೂ ಇದೇ ಕಥೆ. ದೃಕ್ ಗಣಿತದ (ಆಕಾಶದಲ್ಲಿ ಕಾಣುವ ಗ್ರಹಸ್ಥಾನಕ್ಕೆ ಹೊಂದುವ ಲೆಕ್ಕದ) ಪ್ರಕಾರ 2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ. ಕುಂಭ, ಮೀನ, ಮೇಷ, ಅಂದರೆ 12ರಲ್ಲಿ 3 ರಾಶಿಯವರಿಗೆ ಒಟ್ಟಿಗೇ ಸಾಡೇಸಾತಿ. ಇಷ್ಟು ಜನರಿಗೆ ಇರುವುದನ್ನು ಒಂದು ಸಂಬಂಧ ಮುರಿದದ್ದಕ್ಕೆ ಕಾರಣ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು 6, 7, 8ನೆಯ ಮನೆಗಳು. 6 ಸೇವೆ ಮತ್ತು ಸಾಲ, 7 ಸರಿಸಮನಾದವರು, 8 ಏಳರಿಂದ ಎರಡನೆಯದು, ಎಂದರೆ ಎದುರಿನವರ ದುಡ್ಡು. ಇಬ್ಬರು ಸೇರಿ ಅಡಿಕೆ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿಯುವಾಗ ಎಂಟರ ಪುಟದಲ್ಲಿ ಮೂರು ಪ್ರಶ್ನೆ ಬರೆಯುತ್ತೇನೆ: ಮುಂಗಡ ಯಾರದ್ದು, ಕೊಳೆ ರೋಗ ಬಂದು ಫಸಲು ಉದುರಿದರೆ ನಷ್ಟ ಯಾರಿಗೆಷ್ಟು, ಅಡಿಕೆ ಮಾರುವವರೆಗೆ ಲೆಕ್ಕ ಯಾರ ಕೈಲಿ? ಆರರ ಪುಟದಲ್ಲಿ ಒಂದೇ: ಇವರು ನನಗೆ ಪಾಲುದಾರರೋ, ಸಂಬಳ ಕೊಡದ ಆಳೋ? ಸಂಗಾತಿಯ ಪುಟದಲ್ಲೂ ಈ ಪ್ರಶ್ನೆಯನ್ನು ಹಾಗೇ ಇಡುತ್ತೇನೆ. ಉತ್ತರ ಬರೆಯುವುದು ಅಲ್ಲೇ ಕಷ್ಟ.

ಸಾಲಾವಳಿಯಲ್ಲಿ, ಅಂದರೆ ಮದುವೆಗೆ ಜಾತಕ ಕೂಡಿಸುವ ಲೆಕ್ಕದಲ್ಲಿ, 36ಕ್ಕೆ ಎಷ್ಟು ಬಂತು ಅಂತಷ್ಟೇ ಕೇಳುವುದು ತಪ್ಪು. ಅದರ ಕೂಟಗಳಲ್ಲಿ (ಅಂಕ ಕೊಡುವ ವಿಭಾಗಗಳಲ್ಲಿ) ಒಂದಾದ ನಾಡಿ ಇಬ್ಬರದ್ದೂ ಒಂದೇ ಆದರೆ 8 ಹೋಗಿ 28 ಉಳಿಯುತ್ತದೆ. ಗಣದ 6, ವಶ್ಯದ 2 ಹೋದರೂ ಉಳಿಯುವುದು 28. ಅಂಕ ಒಂದೇ, ಮಾತಾಡಿಕೊಳ್ಳಬೇಕಾದ ವಿಷಯ ಬೇರೆ. ಪಾಲುದಾರರಿಗೆ ಸಾಲಾವಳಿ ಕೂಡಿಸುವವರೂ ಇದ್ದಾರೆ. ಯೋನಿ, ನಾಡಿ ದಂಪತಿಗಳಿಗೆಂದು ಇರುವ ಕೂಟಗಳು, ವ್ಯಾಪಾರದಲ್ಲಿ ಅವಕ್ಕೆ ಅರ್ಥವಿಲ್ಲ. ಅಲ್ಲಿ ನಾನು ತೆಗೆದುಕೊಳ್ಳುವುದು 5 ಅಂಕದ ಗ್ರಹಮೈತ್ರಿ, ಅಂದರೆ ಇಬ್ಬರ ರಾಶಿಯ ಅಧಿಪತಿಗಳ ಸ್ನೇಹ, ಒಂದನ್ನೇ.

ಎದುರಿನವರ ಜಾತಕವನ್ನು ಅವರನ್ನು ಕೇಳದೆ ಬಿಡಿಸುವುದಿಲ್ಲ. ಜಗಳವಾದ ಮೇಲೆ ಒಂದು ಪಕ್ಷ, 15 ದಿನ, ನೋಟ್‌ಬುಕ್ ಮುಟ್ಟುವುದಿಲ್ಲ. ಬಿಸಿಯಲ್ಲಿ ನೋಡಿದರೆ ಎಲ್ಲ ಗ್ರಹಗಳಲ್ಲೂ ಅವರ ತಪ್ಪೇ ಕಾಣುತ್ತದೆ. ಬರೆದ ಪುಟಕ್ಕೆ ತಾರೀಖು ಹಾಕಿ ಮಡಿಸಿಡುತ್ತೇನೆ, ಮುಂದಿನ ಭುಕ್ತಿ ಬದಲಾಗುವ ದಿನ ತೆಗೆದು ಓದಲು.