ಅಳಿಸಲು ಬಾರದ ಇಎಫ್‌ಐ ಪಾರ್ಟಿಷನ್: ಓವರ್‌ರೈಡ್ ಸೇರಿಸಿದ ಮೇಲೆ ಹೋಯಿತು

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಎರಡನೇ ಡಿಸ್ಕಾಗಿ ಜೋಡಿಸಿದಾಗ ಅದರ ಮೊದಲಲ್ಲೇ 100 ಎಂಬಿಯ ಇಎಫ್‌ಐ ಪಾರ್ಟಿಷನ್ (ಕಂಪ್ಯೂಟರ್ ಬೂಟ್ ಆಗಲು ಬೇಕಾದ ಫೈಲ್‌ಗಳಿರುವ ಡಿಸ್ಕಿನ ಸಣ್ಣ ಭಾಗ) ಕೂತಿತ್ತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ‘ಹೆಲ್ಪ್’ ಒಂದೇ. ಡಿಲೀಟೂ ಇಲ್ಲ, ಫಾರ್ಮ್ಯಾಟೂ ಇಲ್ಲ.

ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಅಷ್ಟೇ. ಕಮಾಂಡ್ ಕೊಟ್ಟು ಪಾರ್ಟಿಷನ್ ನಿಭಾಯಿಸುವ ವಿಂಡೋಸಿನ ಸಾಧನವಾದ ಡಿಸ್ಕ್‌ಪಾರ್ಟ್‌ನಲ್ಲಿ ಬರೀ ‘ಡಿಲೀಟ್ ಪಾರ್ಟಿಷನ್’ ಎಂದರೆ, ರಕ್ಷಿತ ಪಾರ್ಟಿಷನ್ ಎಂದು ನಿರಾಕರಿಸುತ್ತದೆ. ‘ಕ್ಲೀನ್’ ಕೊಟ್ಟರೆ ಹೋಗುತ್ತದೆ, ಆದರೆ ಜೊತೆಗೆ ಡಿಸ್ಕಿನ ಉಳಿದೆಲ್ಲ ಪಾರ್ಟಿಷನ್‌ಗಳೂ ಹೋಗುತ್ತವೆ. ಡೇಟಾ ಉಳಿಯಬೇಕಿದ್ದರೆ ಅದರ ಹತ್ತಿರವೂ ಹೋಗಬೇಡಿ.

ಕೆಲಸ ಮಾಡಿದ ಕ್ರಮ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’. ‘ಲಿಸ್ಟ್ ಡಿಸ್ಕ್’ ನೋಡಿ ‘ಸೆಲೆಕ್ಟ್ ಡಿಸ್ಕ್ 1’ (ನಿಮ್ಮಲ್ಲಿ ಸಂಖ್ಯೆ ಬೇರೆ ಇರಬಹುದು). ಇಲ್ಲಿ ತಪ್ಪದೆ ‘ಡೀಟೇಲ್ ಡಿಸ್ಕ್’ ಕೊಡಿ. ‘ಬೂಟ್ ಡಿಸ್ಕ್’ ಎದುರು ‘ನೋ’ ಇರಲೇಬೇಕು. ವಿಂಡೋಸ್ ಓಡುತ್ತಿರುವ ಡಿಸ್ಕಿನಲ್ಲೂ ಸಾಮಾನ್ಯವಾಗಿ ಇಂಥದ್ದೇ ಪಾರ್ಟಿಷನ್ ಇರುತ್ತದೆ, ಅದನ್ನು ಅಳಿಸಿದರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಆಮೇಲೆ ‘ಲಿಸ್ಟ್ ಪಾರ್ಟಿಷನ್’, ‘ಸೆಲೆಕ್ಟ್ ಪಾರ್ಟಿಷನ್ 1’ (ಇಎಫ್‌ಐ ಪಾರ್ಟಿಷನ್ನಿನ ಸಂಖ್ಯೆ), ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’. ವಿಂಡೋಸ್ ತನಗಾಗಿ ಕಾದಿರಿಸಿಕೊಳ್ಳುವ, ಪಕ್ಕದ 16 ಎಂಬಿಯ ರಿಸರ್ವ್ಡ್ ಪಾರ್ಟಿಷನ್ನಿಗೂ ಇದೇ ಮದ್ದು.

ಹೀಗೆ ಖಾಲಿಯಾದ ಜಾಗ ಡೇಟಾ ಪಾರ್ಟಿಷನ್ನಿನ ಎಡಕ್ಕಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಹಿಗ್ಗಿಸುವ ‘ಎಕ್ಸ್‌ಟೆಂಡ್ ವಾಲ್ಯೂಮ್’ ಅದನ್ನು ಸೇರಿಸಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದದ್ದು ಬಲಗಡೆ ತಾಗಿಕೊಂಡಿರುವ ಜಾಗ.