ಕೊನೆಯ ಕ್ಲಿಪ್ ಬ್ಯಾಟರಿಯ ಮೇಲಲ್ಲ

ಬ್ಯಾಟರಿ ಇಳಿದು ನಿಂತ ಕಾರನ್ನು ಇನ್ನೊಂದು ಕಾರಿನ ಬ್ಯಾಟರಿಗೆ ಜಂಪರ್ ಕೇಬಲ್‌ನಿಂದ ಜೋಡಿಸಿ ಎಬ್ಬಿಸುವಾಗ ನಾಲ್ಕು ಕ್ಲಿಪ್‌ಗಳನ್ನು ಹಚ್ಚಬೇಕು. ಮೊದಲ ಮೂರರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ನಾಲ್ಕನೆಯದಕ್ಕೆ ಬಂದಾಗ ಮಾತ್ರ ಸುತ್ತ ನಿಂತವರೆಲ್ಲ ಸತ್ತ ಬ್ಯಾಟರಿಯ ಮೈನಸ್‌ನತ್ತ ಕೈ ತೋರಿಸುತ್ತಾರೆ. ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಎಂಬ ಲೆಕ್ಕದಲ್ಲಿ ಅದು ಸರಿಯೆಂದೇ ಕಾಣುತ್ತದೆ. ಆದರೂ ನಾನು ಅದನ್ನು ಅಲ್ಲಿ ಹಚ್ಚುವುದಿಲ್ಲ, ಬೇರೆಯವರು ಹಚ್ಚುತ್ತಿದ್ದರೆ ಕೈ ಹಿಡಿದು ತಡೆಯುತ್ತೇನೆ.

ಕಾರಣ ಹೈಡ್ರೋಜನ್. ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಅದರೊಳಗಿನ ನೀರು ಸ್ವಲ್ಪ ಒಡೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿಕೊಂಡರೂ ಸಾಕು, ಅದಕ್ಕೆ ಬೆಂಕಿ ಹತ್ತುತ್ತದೆ. ಕೊನೆಯ ಕ್ಲಿಪ್ ತಾಗುವ ಕ್ಷಣದಲ್ಲಿ ಸರ್ಕ್ಯೂಟ್ ಪೂರ್ಣವಾಗಿ ಕಿಡಿ ಹಾರುತ್ತದೆ. ಆ ಕಿಡಿ ಬ್ಯಾಟರಿಯ ನೆತ್ತಿಯ ಮೇಲೆ ಹಾರಿದರೆ ಡಬ್ಬಿ ಸಿಡಿದು ಗಂಧಕಾಮ್ಲ ಮುಖಕ್ಕೆ ಎರಚುವ ಅಪಾಯವಿದೆ. ಅದೇ ಕ್ಲಿಪ್ಪನ್ನು ಬ್ಯಾಟರಿಯಿಂದ ಒಂದು ಮೊಳವಾದರೂ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೋ ದಪ್ಪ ಬೋಲ್ಟ್ ಒಂದಕ್ಕೋ ಹಚ್ಚಿದರೆ ಕಿಡಿ ಅಲ್ಲಿಯೇ ಹಾರಿ ಮುಗಿಯುತ್ತದೆ. ಎಂಜಿನ್ನೂ ಬಾಡಿಯೂ ಹೇಗಿದ್ದರೂ ಮೈನಸ್‌ಗೆ ಸೇರಿಕೊಂಡೇ ಇರುವುದರಿಂದ ಕರೆಂಟ್ ಹರಿಯುವುದರಲ್ಲಿ ವ್ಯತ್ಯಾಸವಾಗುವುದಿಲ್ಲ. ನಮ್ಮ ಆಟೋ ಎಲೆಕ್ಟ್ರಿಷಿಯನ್‌ಗಳು ಇದನ್ನು ಬಾಡಿ ಅರ್ತ್ ಎನ್ನುತ್ತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಮೈನಸ್ ತುದಿಯ ಮೇಲೆಯೇ ಬ್ಯಾಟರಿಯ ಸ್ಥಿತಿ ಅಳೆಯುವ ಸೆನ್ಸರ್ ಕೂತಿರುತ್ತದೆ. ಬಾಡಿ ಅರ್ತ್‌ಗೆ ಹಚ್ಚಿದರೆ ಅದರ ತಂಟೆಗೂ ಹೋದಂತಾಗುವುದಿಲ್ಲ.

ನಾನಿರುವುದು ಮಡಿಕೇರಿಯ ಹತ್ತಿರ. ಜುಲೈ ಮಳೆಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತ ಕಾರುಗಳು, ಡಿಸೆಂಬರಿನ ಚಳಿಯ ಬೆಳಗ್ಗೆ ಮುಷ್ಕರ ಹೂಡುವ ಕಾರುಗಳು ಇಲ್ಲಿ ಮಾಮೂಲು. ಚಳಿಗೆ ಬ್ಯಾಟರಿಯ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಅಂದರೆ ಶಕ್ತಿ ಕಡಿಮೆ ಇರುವಾಗಲೇ ಕೆಲಸ ಹೆಚ್ಚು. ಹಾಗಾಗಿ ಡಿಕ್ಕಿಯಲ್ಲಿ ಕೇಬಲ್ ಇಟ್ಟುಕೊಂಡ ನನ್ನಂಥವನಿಗೆ ಬೆಳಗ್ಗೆ ಬೆಳಗ್ಗೆಯೇ ಕರೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟರ ಕಾರು ಹೀಗೆ ರಸ್ತೆಯ ಬದಿಯಲ್ಲಿ ನಿಂತಿತ್ತು. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವ ಬದಲು ಟಕಟಕ ಸದ್ದು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕು. ಇದು ಬ್ಯಾಟರಿ ಇಳಿದಿರುವುದರ ಲಕ್ಷಣ. ದೀಪಗಳು ಪ್ರಖರವಾಗಿಯೇ ಇದ್ದು ಒಂದೇ ಒಂದು ಟಕ್ ಎಂದು ಸುಮ್ಮನಾದರೆ ನನ್ನ ಅನುಮಾನ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರಿನ ಮೇಲೆ ಹೋಗುತ್ತದೆ. ಬಾನೆಟ್ ತೆಗೆದವನೇ ನಾನು ಕೇಬಲ್ ಮುಟ್ಟುವುದಿಲ್ಲ. ಮೊದಲು ಬ್ಯಾಟರಿಯನ್ನು ಕಣ್ಣಿಟ್ಟು ನೋಡುತ್ತೇನೆ. ಡಬ್ಬಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಸೋರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದನ್ನು ಜಂಪ್ ಮಾಡುವ ಮಾತೇ ಇಲ್ಲ, ಬದಲಾಯಿಸಬೇಕು. ಟರ್ಮಿನಲ್ ಮೇಲೆ ಬಿಳಿಯದೋ ಹಸಿರು ಮಿಶ್ರಿತವೋ ಪುಡಿ ಕಟ್ಟಿದ್ದರೆ, ಕ್ಲಾಂಪ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಅದನ್ನು ಉಜ್ಜಿ ಬಿಗಿ ಮಾಡಿದಷ್ಟಕ್ಕೇ ಎಷ್ಟೋ ಕಾರುಗಳು ಎದ್ದು ಹೊರಟಿವೆ. ಆಮೇಲೆ ವೋಲ್ಟೇಜ್ ಅಳೆಯಲು ಮಲ್ಟಿಮೀಟರ್. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಬಹುಪಾಲು ಖಾಲಿ. 10.5ರ ಆಸುಪಾಸಿನಲ್ಲಿ ನಿಂತಿದ್ದರೆ ಆರು ಸೆಲ್‌ಗಳಲ್ಲಿ ಒಂದು ಹೋಗಿರುವ ಸಾಧ್ಯತೆ ಹೆಚ್ಚು. ಮೇಷ್ಟರದು 11.7 ಇತ್ತು.

ಅಷ್ಟರಲ್ಲಿ ಕಾಫಿ ಮೂಟೆ ಹೇರಿಕೊಂಡು ಬರುತ್ತಿದ್ದ ಲಾರಿಯ ಚಾಲಕರು ನಿಲ್ಲಿಸಿ, ತಮ್ಮ ಬ್ಯಾಟರಿಯಿಂದ ಕೊಡುತ್ತೇನೆಂದು ಇಳಿದೇ ಬಂದರು. ಒಳ್ಳೆಯ ಮನಸ್ಸಿನವರು. ಆದರೆ ದೊಡ್ಡ ಲಾರಿ ಮತ್ತು ಬಸ್ಸುಗಳದು ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ 24 ವೋಲ್ಟ್‌ನ ವ್ಯವಸ್ಥೆ. ಅದನ್ನು 12 ವೋಲ್ಟ್‌ನ ಕಾರಿಗೆ ಕೊಟ್ಟರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ. ವಿವರಿಸಿ ಹೇಳಿದೆ, ಅವರು ಒಪ್ಪಿ, ನನ್ನ ಕಾರನ್ನು ಹತ್ತಿರ ತರಲು ರಸ್ತೆಯ ಎರಡೂ ಕಡೆಯ ವಾಹನಗಳನ್ನು ತಡೆದು ನಿಲ್ಲಿಸಿ ನೆರವಾದರು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಿಂದಲೂ ಕರೆಂಟ್ ಪಡೆಯಬಾರದು. ಅವುಗಳಲ್ಲಿರುವ ಸಣ್ಣ 12 ವೋಲ್ಟ್ ಬ್ಯಾಟರಿ ಇನ್ನೊಂದು ಎಂಜಿನ್ನನ್ನು ತಿರುಗಿಸುವುದಕ್ಕಾಗಿ ಇರುವುದಲ್ಲ.

ಕೇಬಲ್ ಬಗ್ಗೆ ಒಂದು ಮಾತು. ಅಗ್ಗದ ಕೇಬಲ್‌ಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೇ ದಪ್ಪ, ಒಳಗಿನ ತಂತಿ ಸಣಕಲು. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಕೂಡ ನೂರು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ, ಡೀಸೆಲ್‌ನದು ಇನ್ನೂ ಜಾಸ್ತಿ. ಅಂಥ ತಂತಿ ಬಿಸಿಯಾಗಿ ಹೊಗೆಯಾಡುವುದನ್ನು ನೋಡಿದ ಮೇಲೆ ನಾನು ವೆಲ್ಡಿಂಗ್‌ಗೆ ಬಳಸುವ 25 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಕೊಂಡು, ಗಟ್ಟಿ ಕ್ಲಿಪ್ ಹಾಕಿಸಿಕೊಂಡೆ. ಈ ವಿಷಯದಲ್ಲಿ ಹಣ ಉಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಕಾರುಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿದೆ. ಎರಡರದೂ ಎಂಜಿನ್, ದೀಪ, ಎಸಿ ಬಂದ್; ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ವಾಚು ಮತ್ತು ಉಂಗುರ ಬಿಚ್ಚಿ ಜೇಬಿಗೆ ಹಾಕಿದೆ, ಕಣ್ಣಿಗೆ ಕನ್ನಡಕ. ಬೀಡಿ ಹಚ್ಚಿದ್ದ ಒಬ್ಬರನ್ನು ದೂರ ಹೋಗಲು ಕೇಳಿಕೊಂಡೆ. ಕೆಂಪು ಕ್ಲಿಪ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ನನ್ನ ಕಾರಿನ ಪ್ಲಸ್‌ಗೆ, ಕಪ್ಪು ನನ್ನ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ಮೇಷ್ಟರ ಕಾರಿನ ಎಂಜಿನ್ನಿನ ಬೋಲ್ಟ್‌ಗೆ. ಪ್ಲಸ್ ಯಾವುದು ಎಂದು ಕೇಬಲ್ಲಿನ ಬಣ್ಣ ನೋಡಿ ತೀರ್ಮಾನಿಸುವುದಿಲ್ಲ, ಬ್ಯಾಟರಿಯ ಮೇಲೆ ಅಚ್ಚಾಗಿರುವ ಗುರುತನ್ನೇ ಒರೆಸಿ ಓದುತ್ತೇನೆ.

ನನ್ನ ಕಾರನ್ನು ಸ್ಟಾರ್ಟ್ ಮಾಡಿ ಸುಮ್ಮನೆ ನಿಂತೆ. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಕ್ಲಿಪ್ ಹಚ್ಚಿದ ಮರುಕ್ಷಣವೇ ಕೀ ತಿರುಗಿಸಿದರೆ ಇಡೀ ಹೊರೆ ಕೇಬಲ್ ಮೇಲೂ ಕೊಡುವ ಕಾರಿನ ಮೇಲೂ ಬೀಳುತ್ತದೆ. ಐದು ಹತ್ತು ನಿಮಿಷ ಬಿಟ್ಟರೆ ಸತ್ತ ಬ್ಯಾಟರಿಗೂ ತುಸು ಜೀವ ಬಂದು ತನ್ನ ಪಾಲಿನ ಹೆಗಲು ಕೊಡುತ್ತದೆ.

"ಇನ್ನೂ ಎಷ್ಟು ಹೊತ್ತು ಕಾಯಬೇಕಪ್ಪಾ?" ಎಂದರು ಮೇಷ್ಟರು.

"ಇನ್ನೈದು ನಿಮಿಷ ಇರಲಿ ಮೇಷ್ಟರೇ, ಒಂದೇ ಸಲಕ್ಕೆ ಆಗಲಿ" ಎಂದೆ.

ಹಾಗೆಯೇ ಆಯಿತು. ಆಗದಿದ್ದರೂ ನಾನು ಒಂದೇ ಉಸಿರಿಗೆ ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಸುವುದಿಲ್ಲ, ನಡುವೆ ಸ್ಟಾರ್ಟರ್ ಆರಲು ಬಿಡುತ್ತೇನೆ.

ಬಿಚ್ಚುವ ಮುನ್ನ ಅವರ ಕಾರಿನ ಬ್ಲೋವರ್ ಹಾಕಿಸಿದೆ. ಕೇಬಲ್ ತೆಗೆಯುವಾಗ ವೋಲ್ಟೇಜ್ ಥಟ್ಟನೆ ಏರಿದರೆ ಅದನ್ನು ಹೀರಿಕೊಳ್ಳಲು ಏನಾದರೂ ಓಡುತ್ತಿರಬೇಕು. ತೆಗೆಯುವ ಕ್ರಮ ಹಚ್ಚಿದ್ದಕ್ಕೆ ತಿರುಗುಮುರುಗು: ಬೋಲ್ಟ್ ಮೇಲಿನ ಕಪ್ಪು ಮೊದಲು, ಸತ್ತ ಬ್ಯಾಟರಿಯ ಕೆಂಪು ಕೊನೆಗೆ. ತೆಗೆದ ಕ್ಲಿಪ್‌ಗಳು ಒಂದಕ್ಕೊಂದು ತಾಗಕೂಡದು.

ಆಗ ನೋಡುತ್ತಿದ್ದವರೊಬ್ಬರು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆಯೇ ನೋಡೋಣ ಎಂದರು. ಹಳೆಯ ಕಾರುಗಳ ಕಾಲದಿಂದ ಬಂದ ಈ ಪದ್ಧತಿ ಇಂದಿಗೂ ಕೆಲವು ಗ್ಯಾರೇಜುಗಳಲ್ಲಿ ಉಳಿದಿದೆ. ದಯವಿಟ್ಟು ಯಾರೂ ಇದಕ್ಕೆ ಒಪ್ಪಬೇಡಿ. ಏರಿಳಿತವನ್ನು ತಡೆದು ಹಿಡಿಯುವ ಬ್ಯಾಟರಿಯೇ ಇಲ್ಲದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಹಾಳಾಗಬಹುದು. ಅದರ ಬದಲು ಮೀಟರ್ ಇಟ್ಟರಾಯಿತು. ಓಡುವ ಎಂಜಿನ್ನಿನಲ್ಲಿ 13.8ರಿಂದ 14.5ರ ನಡುವೆ ಬಂದರೆ ಆಲ್ಟರ್ನೇಟರ್ ಸರಿಯಾಗಿದೆ. ಅಲ್ಲಿ 14.2 ಬಂತು.

ಹಾಗಾದರೆ ದೋಷ ಬ್ಯಾಟರಿಯದೇ. ಮನೆಯವರೆಗಿನ ಓಟ ಅದನ್ನು ತುಂಬುವುದಿಲ್ಲ, ಎಂಜಿನ್ ಓಡಿಸಿಕೊಂಡು ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟರೆ ಇನ್ನೂ ಕಡಿಮೆ, ಪೂರ್ತಿ ಚಾರ್ಜ್‌ಗೆ ಗಂಟೆಗಟ್ಟಲೆ ಬೇಕು. ಆದ್ದರಿಂದ ಎಂಜಿನ್ ಆರಿಸದೆ ನೇರವಾಗಿ ಪೇಟೆಯ ಬ್ಯಾಟರಿ ಅಂಗಡಿಗೆ ಹೋದೆವು. ನಾಲ್ಕು ವರ್ಷ ದಾಟಿದ್ದ ಆ ಬ್ಯಾಟರಿ, ಹೊರೆ ಹಾಕಿ ನೋಡುವ ಲೋಡ್ ಪರೀಕ್ಷೆಯಲ್ಲಿ ಸೋತಿತು. ಹೊಸದನ್ನು ಕೂರಿಸುವಾಗ ಅಂಗಡಿಯ ಹುಡುಗ ಹಳೆಯದರ ಮೈನಸ್ಸನ್ನೇ ಮೊದಲು ಬಿಚ್ಚಿದ, ಹೊಸದರಲ್ಲಿ ಅದನ್ನೇ ಕೊನೆಗೆ ಹಚ್ಚಿದ. ಮೈನಸ್ ಕಳಚಿದ್ದರೆ, ಪ್ಲಸ್‌ನ ನಟ್ ತಿರುಗಿಸುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಮೇಷ್ಟರು ಹತ್ತಿರ ನಿಂತು ಏಕೆಂದು ಕೇಳಿದರು, ಅವನು ಕೆಲಸ ನಿಲ್ಲಿಸಿ ಅವರಿಗೆ ಬಿಡಿಸಿ ಹೇಳಿದ.