ದೊಡ್ಡ ಕಂಪನ ನಿಂತಿತು, ಮಾಳಿಗೆ ಮನೆಯೊಳಗೆ ಯಾವಾಗ ಹೋಗಬಹುದು?

ನಮ್ಮ ಗದಗ ಕಡೆಯ ಹಳೇ ಮಾಳಿಗೆ ಮನೆಗಳು ಗೊತ್ತಲ್ವಾ? ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ದಪ್ಪಗೆ ಹರಡಿದ ಮಣ್ಣು. ಬೇಸಿಗೆಗೆ ತಂಪು, ಭೂಕಂಪಕ್ಕೆ ಮಾತ್ರ ಕೆಟ್ಟದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಮಲಗಿದ್ದವರ ಮೇಲೆ ಕುಸಿದದ್ದು ಹೆಚ್ಚುಕಡಿಮೆ ಇಂಥವೇ ಮನೆಗಳು.

ಅಲುಗಾಟ ನಿಂತ ಕೂಡಲೇ ಚಪ್ಪಲಿ ಮೆಟ್ಟಿ, ದಾರಿಯಲ್ಲೇ ಇದ್ದರೆ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬನ್ನಿ. ಕಿರಿದಾದ ಓಣಿಯಲ್ಲಿ ನಿಲ್ಲಬೇಡಿ, ಎರಡೂ ಕಡೆ ಗೋಡೆ ಇರುತ್ತದೆ. ಗುಡಿ ಮುಂದಿನ ಬಯಲಿಗೋ ಕಣಕ್ಕೋ ಹೋಗಿ. ವಿದ್ಯುತ್ ತಂತಿ ಕೆಳಗೂ ಬೇಡ.

ಆಮೇಲೆ ಶುರುವಾಗುತ್ತವೆ ಮರುಕಂಪನಗಳು. ದಿನ ಕಳೆದಂತೆ ಇವುಗಳ ಸಂಖ್ಯೆ ಇಳಿಯುತ್ತದೆ. ಮೊದಲ ದಿನ ನೂರು ಆಗಿದ್ದರೆ ಹತ್ತನೇ ದಿನ ಸುಮಾರು ಹತ್ತು ಅಂತ ಲೆಕ್ಕ ಇಟ್ಟುಕೊಳ್ಳಿ. ಜಪಾನಿನ ಭೂಕಂಪ ವಿಜ್ಞಾನಿ ಒಮೋರಿ 1894ರಲ್ಲೇ ಇದನ್ನು ಕಂಡುಕೊಂಡಿದ್ದರು. ಆದರೆ ಇಳಿಯುವುದು ಸಂಖ್ಯೆ, ದೊಡ್ಡದೊಂದು ತಡವಾಗಿಯೂ ಬರಬಹುದು. ನೇಪಾಳದಲ್ಲಿ 2015ರ ಏಪ್ರಿಲ್ 25ಕ್ಕೆ 7.8ರ ಕಂಪನ, ಹದಿನೇಳು ದಿನ ಬಿಟ್ಟು ಮೇ 12ಕ್ಕೆ 7.3ರದ್ದು, ಮತ್ತೆ 200ಕ್ಕೂ ಜಾಸ್ತಿ ಜನ ಸತ್ತರು. ಮೊದಲ ಹೊಡೆತಕ್ಕೆ ಗೋಡೆ ಸಡಿಲಾಗಿರುತ್ತದೆ, ಹಾಗಾಗಿ ಎರಡನೆಯದು ಸಣ್ಣದಿದ್ದರೂ ಸಾಕು.

ಗೋಡೆಯನ್ನು ಹಗಲಲ್ಲಿ, ದೂರ ನಿಂತು ಹೊರಗಿನಿಂದಲೇ ನೋಡಿ. ಗಿಲಾವಿನ ಮೇಲಿನ ಕೂದಲೆಳೆ ಬಿರುಕಿಗೆ ಅಷ್ಟು ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಬೆರಳು ತೂರುವಷ್ಟು ಬಾಯಿಬಿಟ್ಟಿದ್ದರೆ ಒಳಗೆ ಕಾಲಿಡಬೇಡಿ. ಗೋಡೆ ಹೊಟ್ಟೆ ಬಿಟ್ಟಿದ್ದರಂತೂ ಮುಗಿಯಿತು. ನಮ್ಮ ಕಲ್ಲಿನ ಗೋಡೆ ನಿಜಕ್ಕೂ ಎರಡು ಪದರ, ನಡುವೆ ಸಣ್ಣ ಕಲ್ಲು, ಮಣ್ಣು. ಹೊಟ್ಟೆ ಬಂತೆಂದರೆ ಪದರಗಳು ಬೇರೆಯಾಗಿವೆ ಅಂತ ಅರ್ಥ. ಜಂತಿ ಗೋಡೆಯಿಂದ ಜಾರಿದೆಯಾ ಅಂತ ಬಾಗಿಲಿಂದ ಹಣಕಿ ನೋಡುವುದೂ ಬೇಡ, ಇಂಜಿನಿಯರ್ ಬರಲಿ. ಆರ್‌ಸಿಸಿ ಮನೆಯವರು, ಸಣ್ಣ ಬಿರುಕಷ್ಟೇ ಇದ್ದರೆ, ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಮುಂದಿನ ಕಂಪನದ ನಂತರ ಬಿರುಕು ಗೆರೆ ದಾಟಿದ್ದರೆ ಬೆಳೆಯುತ್ತಿದೆ ಅಂತ ಗೊತ್ತಾಗುತ್ತದೆ.

ಅಲ್ಲಿತನಕ ಕೌದಿ ಹಾಸಿಕೊಂಡು ಬಯಲಲ್ಲೇ ಮಲಗಿ. ಮಳೆಗಾಲವಾದರೆ ತಾಡಪತ್ರಿ. "ಇವತ್ತು ರಾತ್ರಿ 2 ಗಂಟೆಗೆ ಮತ್ತೆ ಬರ್ತದಂತೆ" ಅನ್ನೋ ವಾಟ್ಸಾಪ್ ಮೆಸೇಜ್ ಬಂದರೆ ಸುಮ್ನೆ ಅಳಿಸಿ, ಗಂಟೆ ಹೇಳುವಷ್ಟು ಭೂಕಂಪ ಯಾರಿಗೂ ತಿಳಿದಿಲ್ಲ.

ಇನ್ನು ಕಾಗದಪತ್ರ, ರೊಕ್ಕ ಇಟ್ಟ ಟ್ರಂಕು. ಜನ ಕುಸಿಯೋ ಮನೆಗೆ ವಾಪಸ್ ನುಗ್ಗುವುದು ಬಹಳ ಸಲ ಅದಕ್ಕೇ. ಹೊಲದ ಉತಾರ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್, ಒಂದಿಷ್ಟು ರೊಕ್ಕ, ಬಿಪಿ ಗುಳಿಗೆ, ಟಾರ್ಚು ಒಂದು ಚೀಲಕ್ಕೆ ಹಾಕಿ ಇವತ್ತೇ ತಲಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿ.